ಟೈಮ್ ಸ್ಟೆಪ್‌ಗೆ ಮೈನಸ್ ಹಾಕಿದರೆ ಆರಂಭ ಸ್ಥಿತಿ ಸಿಗುತ್ತಾ?

ಓದುಗರ ಪ್ರಶ್ನೆ: ಒಂದು ಸರಳಿನ ಈಗಿನ ಉಷ್ಣತೆ ಅಳೆದಿದ್ದೇನೆ. ಮೊದಲು ಹೇಗಿತ್ತು ಅಂತ ತಿಳಿಯಲು ಶಾಖ ಹರಡುವುದನ್ನು ಲೆಕ್ಕಹಾಕುವ ಶಾಖದ ಸಮೀಕರಣವನ್ನು ಟೈಮ್ ಸ್ಟೆಪ್‌ಗೆ (ಲೆಕ್ಕದ ಕಾಲದ ಹೆಜ್ಜೆಗೆ) ಮೈನಸ್ ಹಾಕಿ ಹಿಂದಕ್ಕೆ ಓಡಿಸಿದರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. ಗ್ರಿಡ್ (ಲೆಕ್ಕಕ್ಕಾಗಿ ಸರಳಿನ ಮೇಲೆ ಗುರುತಿಸಿದ ಬಿಂದುಗಳ ಜಾಲ) ಇನ್ನೂ ಸಣ್ಣದು ಮಾಡಲೇ?

ಬೇಡ, ಜಾಸ್ತಿ ಕೆಡುತ್ತದೆ. ಕೋಡ್‌ನಲ್ಲಿ ಸುಮ್ನೆ ತಪ್ಪು ಹುಡುಕುತ್ತಾ ಕೂರಬೇಡಿ. ತೊಂದರೆ ಸಮಸ್ಯೆಯ ಒಳಗೇ ಇದೆ.

ಸರಳಿನ ಉದ್ದ ಪೈ, ಶಾಖ ಹರಡುವ ಗುಣಾಂಕ 1, ಕಳೆದ ಕಾಲ 1, ಎರಡೂ ತುದಿಯಲ್ಲಿ ಉಷ್ಣತೆ ಸೊನ್ನೆ ಅಂದುಕೊಳ್ಳಿ. ಆರಂಭದ ಉಷ್ಣತೆಯನ್ನು ಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು: ಮೊದಲನೆಯದು ಎಲ್ಲಕ್ಕಿಂತ ಉದ್ದದ್ದು, ಮುಂದಿನವು ಒಂದಕ್ಕಿಂತ ಒಂದು ಚಿಕ್ಕವು. ಈ ಕಾಲದಲ್ಲಿ ಮೊದಲ ಅಲೆ 2.7 ಪಟ್ಟು ಕುಗ್ಗುತ್ತದೆ. ಎರಡನೆಯದು 55 ಪಟ್ಟು, ಮೂರನೆಯದು 8,100 ಪಟ್ಟು. ಐದನೆಯದು? ಸುಮಾರು 7,200 ಕೋಟಿ ಪಟ್ಟು! ಹಿಂದಕ್ಕೆ ಹೋಗುವಾಗ ಇವೇ ಸಂಖ್ಯೆಗಳಿಂದ ಗುಣಿಸಬೇಕು. ಅಲೆಯ ಜೊತೆ ಅಳತೆಯ ದೋಷವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಅಳತೆ ಪಕ್ಕಾ ಇದ್ದರೂ ಏಳನೆಯ ಅಲೆಯ ಹೊತ್ತಿಗೆ ಕಂಪ್ಯೂಟರ್‌ನ 16 ಅಂಕಿಗಳ ನಿಖರತೆ ಮುಗಿದಿರುತ್ತದೆ. ಗ್ರಿಡ್ ಸಣ್ಣದಾದಷ್ಟೂ ಇಂಥ ಚಿಕ್ಕ ಅಲೆಗಳಿಗೆ ಜಾಗ ಸಿಗುತ್ತದೆ, ಅಲ್ವಾ? ಅದಕ್ಕೇ ಕೆಡುವುದು.

ಹಾಗಾದರೆ ಎಷ್ಟು ವಾಪಸ್ ಪಡೆಯಬಹುದು? ಆರಂಭದ ಅಲೆಗಳ ಎತ್ತರ ಸುಮಾರು 1 ಅಂದುಕೊಳ್ಳಿ. ಪ್ರತಿ ಅಲೆಯ ಅಳತೆಯಲ್ಲೂ ದೋಷ 0.001 ಇದ್ದರೆ, ಎರಡನೆಯ ಅಲೆಯಲ್ಲಿ ಅದು 0.055 ಆಗುತ್ತದೆ, ಮೂರನೆಯದರಲ್ಲಿ 8. ಅಂದರೆ ನಂಬಬಹುದಾದ್ದು ಎರಡೇ ಅಲೆ. ಅಳತೆಯನ್ನು ಸಾವಿರ ಪಟ್ಟು ಸುಧಾರಿಸಿದರೆ ಮೂರನೆಯದೂ ಸಿಗುತ್ತದೆ, ನಾಲ್ಕನೆಯದು ಸಿಗುವುದಿಲ್ಲ. ಅಷ್ಟು ಖರ್ಚಿಗೆ ಒಂದೇ ಒಂದು ಅಲೆ!

ಎಲ್ಲ ವಿಧಾನಗಳೂ ಈ ಮಿತಿಯ ಒಳಗೇ ಕೆಲಸ ಮಾಡುತ್ತವೆ. ಚಿಕ್ಕ ಅಲೆಗಳನ್ನು ಕತ್ತರಿಸಿ ಹಾಕುವುದು ಸುಲಭದ ದಾರಿ. ಸೋವಿಯತ್ ಗಣಿತಜ್ಞ ಟಿಖೊನೊವ್ 1963ರಲ್ಲಿ ಕೊಟ್ಟ ದಾರಿ ಸ್ವಲ್ಪ ನಯವಾದದ್ದು: ಅಳತೆಗೆ ಹೊಂದಬೇಕು, ಆದರೆ ಉತ್ತರ ವಿಪರೀತ ದೊಡ್ಡದಾದರೆ ದಂಡ. ದಂಡ ಎಷ್ಟಿರಬೇಕು ಅನ್ನುವುದೇ ನಿಜವಾದ ತಲೆನೋವು. ನನಗೆ ಹಿಡಿಸುವುದು ಮೊರೊಜೊವ್ ನಿಯಮ: ಅಳತೆಯಲ್ಲಿ ಎಷ್ಟು ದೋಷವಿದೆಯೋ ಅಷ್ಟು ಮಟ್ಟಿಗೆ ಮಾತ್ರ ಹೊಂದಿಸಿ, ಅದಕ್ಕಿಂತ ಚೆನ್ನಾಗಿ ಹೊಂದಿಸಿದರೆ ನೀವು ಗದ್ದಲಕ್ಕೇ (ಅಳತೆಯ ದೋಷಕ್ಕೇ) ಹೊಂದಿಸುತ್ತಿದ್ದೀರಿ.

ದೊಡ್ಡ ಸಮಸ್ಯೆಗಳಲ್ಲಿ ಸಮೀಕರಣವನ್ನು ನೇರವಾಗಿ ಹಿಂದಕ್ಕೆ ಓಡಿಸುವುದೇ ಇಲ್ಲ. ಒಂದು ಆರಂಭವನ್ನು ಊಹಿಸಿ, ಮುಂದಕ್ಕೆ ಓಡಿಸಿ, ಅಳತೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಅಡ್ಜಾಯಿಂಟ್ ಸಮೀಕರಣದ (ಊಹೆಯನ್ನು ಯಾವ ಕಡೆ ತಿದ್ದಬೇಕು ಅಂತ ತೋರಿಸುವ ಜೋಡಿ ಸಮೀಕರಣ) ಮೂಲಕ ಹಿಂದಕ್ಕೆ ತಂದು, ಊಹೆಯನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಅಡ್ಜಾಯಿಂಟ್ ಕೂಡ ಕಾಲದಲ್ಲಿ ಹಿಂದಕ್ಕೇ ಹೋಗುತ್ತದೆ, ಆದರೆ ಅದು ಸ್ಥಿರ, ಅಂದರೆ ಅದರಲ್ಲಿ ದೋಷ ಉಬ್ಬುವುದಿಲ್ಲ. ದೊಡ್ಡ ಅಲೆಗಳು ಮೊದಲು ಸರಿಹೋಗುತ್ತವೆ, ಗದ್ದಲ ಆಮೇಲೆ ನುಸುಳುತ್ತದೆ. ಹಾಗಾಗಿ ಬೇಗ ನಿಲ್ಲಿಸುವುದೂ ಒಂದು ಮದ್ದು. ಹವಾಮಾನ ಮುನ್ಸೂಚನೆಗೆ ಬೇಕಾದ ಆರಂಭ ಸ್ಥಿತಿಯನ್ನು ಅಳತೆಗಳಿಂದ ಹುಡುಕುವ 4ಡಿ-ವಾರ್ ವಿಧಾನ ಇದೇ ಜಾತಿಯದು, ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ ಇಸಿಎಂಡಬ್ಲ್ಯುಎಫ್ ಅದನ್ನು 1997ರಲ್ಲಿ ದಿನನಿತ್ಯದ ಬಳಕೆಗೆ ತಂದಿತು. (ತರಂಗ ಸಮೀಕರಣದಲ್ಲಿ ಈ ರಗಳೆ ಇಲ್ಲ. ಪೂರ್ತಿ ಸ್ಥಿತಿ, ಅದರ ವೇಗ ಎರಡೂ ಗೊತ್ತಿದ್ದರೆ ಹಿಂದಕ್ಕೆ ಹೋಗುವುದೂ ಮುಂದಕ್ಕೆ ಹೋದಷ್ಟೇ ಸಲೀಸು.)

ನಿಮ್ಮ ವಿಧಾನವನ್ನು ಪರೀಕ್ಷಿಸುವಾಗ ಒಂದು ಎಚ್ಚರ ಇರಲಿ. ಪರೀಕ್ಷೆಯ ಡೇಟಾವನ್ನು ಅದೇ ಸಾಲ್ವರ್ (ಸಮೀಕರಣ ಬಿಡಿಸುವ ಕೋಡ್), ಅದೇ ಗ್ರಿಡ್‌ನಿಂದ ತಯಾರಿಸಿದರೆ ಫಲಿತಾಂಶ ಸುಳ್ಳೇ ಚೆಂದ ಕಾಣುತ್ತದೆ. ಬೇರೆ ಗ್ರಿಡ್‌ನಲ್ಲಿ ತಯಾರಿಸಿ, ಗದ್ದಲ ಬೆರೆಸಿ, ಆಮೇಲೆ ನೋಡಿ.