ಮುಂಬೈ ಎಷ್ಟು ಗಂಟೆ ಉದ್ದ?

ನಮ್ಮಪ್ಪ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದ ಹೊಸತರಲ್ಲಿ ದಕ್ಷಿಣ ಭಾಗದ ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ಕನ್ನಡದ ರಾತ್ರಿ ಶಾಲೆ ಎರಡು ಗಲ್ಲಿ ದಾಟಿದರೆ ಸಿಗುತ್ತಿತ್ತು. ಮನೆ, ಕೆಲಸ, ಶಾಲೆ ಎಲ್ಲಾ ಹತ್ತು ನಿಮಿಷದ ನಡಿಗೆ.

ನಾನಿರೋದು ದೂರದ ಉಪನಗರ ಡೊಂಬಿವಲಿಯಲ್ಲಿ. ಫೋರ್ಟಿನ ಪಕ್ಕದ ದೊಡ್ಡ ರೈಲು ಸ್ಟೇಷನ್ ಸಿಎಸ್‌ಎಂಟಿಗೆ 48 ಕಿಲೋಮೀಟರ್. ಲೇಡೀಸ್ ಡಬ್ಬಿಯಲ್ಲಿ ಮೂರು ಜನರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂತು, ಉಳಿದರ್ಧ ಭಾರ ಬಲಗಾಲಿನ ಮೇಲೆ ಬಿಟ್ಟು ಹೋಗುತ್ತೇನೆ. ಇದಕ್ಕೆ ಇಲ್ಲಿ ಫೋರ್ತ್ ಸೀಟ್ ಅಂತಾರೆ. ಸಂಜೆ ವಾಪಸ್ ಬರುವಾಗ ಪಕ್ಕದವರು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಾರೆ, ಮನೆ ಮುಟ್ಟಿದ ಮೇಲೆ ಅದಕ್ಕೆ ಪುರುಸೊತ್ತು ಎಲ್ಲಿ ಸಿಗಬೇಕು?

ಊರು ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ಒಂದು ಸರಳ ಲೆಕ್ಕ ಇದೆ. ಯಾಕೋವ್ ಜಹಾವಿ ಅನ್ನುವವರು ಮೊದಲು ಗಮನಿಸಿದ್ದನ್ನು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬೆಳೆಸಿ ಬರೆದರು. ಜನ ಸರಾಸರಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆ. ಹೋಗಲು ಅರ್ಧ, ಬರಲು ಅರ್ಧ. ನಡೆದೇ ಓಡಾಡುವ ಕಾಲದಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿಲೋಮೀಟರ್, ಹಾಗಾಗಿ ಹಳೆಯ ಊರುಗಳು ಈ ತುದಿಯಿಂದ ಆ ತುದಿಗೆ ಐದು ಕಿಲೋಮೀಟರಿನ ಆಸುಪಾಸು. ವೇಗ ಹೆಚ್ಚಿದಂತೆ ಊರು ಹಿಗ್ಗುತ್ತದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತಲ್ಲ, ಆವತ್ತಿನಿಂದ ಮುಂಬೈ ಹಳಿಯ ಉದ್ದಕ್ಕೂ ಬೆಳೆಯುತ್ತಾ ಬಂದಿದೆ. ಆದರೆ ನನ್ನ ಹಾದಿಗೆ ಒಂದು ಕಡೆಗೇ ಗಂಟೆಗಿಂತ ಜಾಸ್ತಿ ಬೇಕು. ಮಿಕ್ಕ ಸಮಯ ನಿದ್ದೆಯಿಂದ, ಮಕ್ಕಳ ಪಾಠದಿಂದ ಕಡಿತವಾಗುತ್ತದೆ.

ಮುಂಬೈ ಸುತ್ತಲೂ ಹರಡುವಂತಿಲ್ಲ. ಮೂರು ಕಡೆ ನೀರು, ನಡುವೆ ನೂರು ಚದರ ಕಿಲೋಮೀಟರ್ ಮೀರಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಅದನ್ನು ಮುಟ್ಟಲೇಬಾರದು, ಸಮುದ್ರ ಒಳನುಗ್ಗುವ ಖಾರಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನೂ ಅಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೀರಿಗೆ ನಿಲ್ಲಲು ಜಾಗ ಬೇಕಿತ್ತು. ಆ ಜಾಗವನ್ನು ನಾವು ತುಂಬಿಬಿಟ್ಟಿದ್ದೆವು.

ಹಾಗಾದರೆ ಮೇಲಕ್ಕೆ ಕಟ್ಟಿ, ಊರು ಒತ್ತಾಗಿರುತ್ತೆ ಅಂತಾರೆ. ಇಲ್ಲೇ ನಮ್ಮ ಕಣ್ಣು ಮೋಸ ಹೋಗುವುದು. 10,000 ಚದರಡಿ ನಿವೇಶನ ಇದೆ ಅಂದುಕೊಳ್ಳಿ. ಅದರ ಮೇಲೆ ಹಳೆಯ ಚಾಳು (ಒಂದೊಂದೇ ಖೋಲಿಯ, ಅಂದರೆ ಕೋಣೆಯ, ಮನೆಗಳ ಸಾಲು ಕಟ್ಟಡ), ಎಲ್ಲಾ ಮಹಡಿ ಕೂಡಿ 20,000 ಚದರಡಿ. ಅಂದರೆ ನಿವೇಶನದ ಎರಡು ಪಟ್ಟು, ಇಲ್ಲಿನ ಭಾಷೆಯಲ್ಲಿ ಎಫ್‌ಎಸ್‌ಐ 2. ಗ್ಯಾಲರಿ, ಮೆಟ್ಟಿಲಿನ ಪಾಲೂ ಸೇರಿ ಒಂದು ಖೋಲಿಗೆ 180 ಚದರಡಿ, ಖೋಲಿಗೆ ಆರು ಜನ. ಅಂದರೆ ಸುಮಾರು 110 ಖೋಲಿ, 660 ಜನ. ಚಾಳು ಕೆಡವಿ ಎಫ್‌ಎಸ್‌ಐ 4ರ ಟವರ್ ಎಬ್ಬಿಸಿ, ಫ್ಲಾಟಿಗೆ 1,000 ಚದರಡಿ ಕೊಡಿ. 40 ಮನೆ, ನಾಲ್ಕು ನಾಲ್ಕು ಜನ, ಒಟ್ಟು 160. ಕಟ್ಟಡ ದುಪ್ಪಟ್ಟು, ಜನ ಕಾಲು ಭಾಗ, ಕೆಳಗೆ ಕಾರುಗಳು ಮಾತ್ರ ಜಾಸ್ತಿ! ಚಾಳೇ ಇರಲಿ ಅಂತ ನಾನು ಹೇಳುತ್ತಿಲ್ಲ. ಮದುವೆಯಾದ ಮೇಲೆ ಅಪ್ಪ ಅಮ್ಮ ಅಂಥದೇ ಖೋಲಿಯಲ್ಲಿದ್ದರು, ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಕ್ಕಸಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಅದೇ ಟವರಿನಲ್ಲಿ 500 ಚದರಡಿಯ ಮನೆಗಳಿದ್ದರೆ 320 ಜನ ಮರ್ಯಾದೆಯಾಗಿ ಬಾಳಬಹುದು. ಗಾಳಿ ಬೆಳಕಿಗೆ ಜಾಗ ಬಿಟ್ಟು, ಮುಂದೆ ಒಂದು ಅಗಲವಾದ ಫುಟ್‌ಪಾತ್ ಇರಬೇಕು.

ಇದು ಬರೀ ಕಾಗದದ ಲೆಕ್ಕ ಅಲ್ಲ. ಜನಗಣತಿ ನೋಡಿ. 2001ರಿಂದ 2011ಕ್ಕೆ ಮುಂಬೈ ನಗರ ಜಿಲ್ಲೆಯ, ಅಂದರೆ ದಕ್ಷಿಣದ ಹಳೆಯ ಮುಂಬೈಯ, ಜನಸಂಖ್ಯೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿಯಿತು. ಗಿರಣಿಗಳ ಜಾಗದಲ್ಲಿ ಗಗನಚುಂಬಿಗಳು ಏಳುತ್ತಿದ್ದ ಕಾಲ ಅದು. ಅದೇ ಹತ್ತು ವರ್ಷದಲ್ಲಿ ನಮ್ಮ ಡೊಂಬಿವಲಿ ಇರುವ ಆಗಿನ ಠಾಣೆ ಜಿಲ್ಲೆ 81 ಲಕ್ಷದಿಂದ 1.1 ಕೋಟಿಗೆ ಏರಿತು. ಜನ ದೂರ ಹೋದರು, ಕೆಲಸಗಳು ಅಷ್ಟು ದೂರ ಹೋಗಲಿಲ್ಲ.

ಇದನ್ನು ಮೊದಲೇ ಕಂಡವರು ಇದ್ದರು. 1960ರ ದಶಕದ ನಡುವಿನಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಖಾರಿಯ ಆಚೆ ಹೊಸ ಊರು (ಈಗಿನ ನವಿ ಮುಂಬೈ) ಕಟ್ಟೋಣ ಅಂದರು. ಬರೀ ಮನೆಗಳಲ್ಲ, ಸರ್ಕಾರಿ ಕಚೇರಿಗಳೂ ಅಲ್ಲಿಗೆ ಹೋಗಬೇಕು ಅನ್ನುವುದು ಅವರ ಆಸೆ. 1970ರಲ್ಲಿ ಆ ಊರು ಕಟ್ಟಲು ಸಿಡ್ಕೋ ಅನ್ನುವ ಸರ್ಕಾರಿ ಸಂಸ್ಥೆ ಹುಟ್ಟಿತು. ಆದರೆ ರಾಜ್ಯ ಸರ್ಕಾರದ ಕಚೇರಿಯಾದ ಮಂತ್ರಾಲಯ ದಕ್ಷಿಣ ಮುಂಬೈಯಿಂದ ಅಲ್ಲಾಡಲಿಲ್ಲ, ಇತ್ತ ದಕ್ಷಿಣದ ತುದಿಯಲ್ಲಿ ಸಮುದ್ರ ತುಂಬಿ ನಾರಿಮನ್ ಪಾಯಿಂಟ್ ಮೇಲೆದ್ದಿತು. ಹೊಸ ಊರಿನ ವಾಶಿಗೆ ರಸ್ತೆ ಸೇತುವೆ 1973ರಲ್ಲಿ ಬಂತು, ರೈಲು ಖಾರಿ ದಾಟಿದ್ದು 1992ರಲ್ಲಿ! ಸುಮಾರು ಇಪ್ಪತ್ತು ವರ್ಷ ಸುಮ್ನೆ ಕೈಬಿಟ್ಟು ಹೋಯಿತು. ನನ್ನ ಪ್ರಕಾರ ಮೊದಲು ರೈಲು ಬರಬೇಕು, ಅದರ ಜೊತೆಗೇ ಕೆಲಸ, ಆಮೇಲೆ ಮನೆ. ನಾವು ಪ್ರತಿಸಲ ಇದನ್ನು ತಿರುಗಾಮುರುಗಾ ಮಾಡುತ್ತೇವೆ.

ಮೊನ್ನೆ ಪಕ್ಕದ ಮನೆಯ ಹುಡುಗ ಡೊಂಬಿವಲಿಗಿಂತಲೂ ಆಚೆಯ ಬದ್ಲಾಪುರದಲ್ಲಿ ಫ್ಲಾಟ್ ನೋಡಿ ಬಂದ. ಅವನ ಕೆಲಸ ಬಾಂದ್ರಾ-ಕುರ್ಲಾ ನಡುವಿನ ಕಚೇರಿಗಳ ಪ್ರದೇಶ ಬಿಕೆಸಿಯಲ್ಲಿ. ಕುರ್ಲಾದಲ್ಲಿ ಇಳಿದು ಶೇರ್ ರಿಕ್ಷಾ ಹಿಡಿಯಬೇಕು. "ಅಕ್ಕ, ಎರಡು ಬಾಲ್ಕನಿ ಇದೆ, ಈಜುಕೊಳ ಇದೆ" ಅಂದ. ಸ್ಟೇಷನ್‌ಗೆ ನಡೆದರೆ ಎಷ್ಟು ಹೊತ್ತು ಅಂತ ಕೇಳಿದೆ. ಬ್ರೋಕರ್ ತೋರಿಸಿದ ನಕ್ಷೆಯನ್ನು ಫೋನಿನಲ್ಲಿ ತೆಗೆದು ಹಿಗ್ಗಿಸಿ ನೋಡಿದ. ಸ್ಟೇಷನ್ ಆ ನಕ್ಷೆಯಲ್ಲೇ ಇರಲಿಲ್ಲ.