ತೊಗಟೆಯ ಮೇಲೆ ಉಳಿದ ‘ಕ’

ರಷ್ಯಾದ ವಾಯವ್ಯಕ್ಕೆ, ವೋಲ್ಖೊವ್ ನದಿಯ ದಂಡೆಯಲ್ಲಿರುವ ನೊವ್ಗೊರೊದ್‌ನ ನೆಲ ಸದಾ ಒದ್ದೆ. ಮಧ್ಯಯುಗದಲ್ಲಿ ಅಲ್ಲಿನ ಜನ ಕೆಸರಿನ ಕಾಟ ತಾಳಲಾರದೆ ಬೀದಿಗೆ ಮರದ ದಿಮ್ಮಿ ಹಾಸುತ್ತಿದ್ದರು. ಅದು ಹೂತುಹೋದರೆ ಅದರ ಮೇಲೆ ಇನ್ನೊಂದು ಹಾಸು. ಹೀಗೆ ಒಂದೇ ಬೀದಿಯಲ್ಲಿ 28 ಪದರಗಳು ಸಿಕ್ಕಿವೆ. ನೀರುಂಡ ಮಣ್ಣಿನೊಳಗೆ ಗಾಳಿಯಾಡದ ಕಾರಣ ಮರ, ಚರ್ಮ, ತೊಗಟೆ ಯಾವುದೂ ಕೊಳೆತಿಲ್ಲ. ದಿಮ್ಮಿಯ ಉಂಗುರಗಳನ್ನು ಓದಿದರೆ ಆ ಪದರದ ಕಾಲವೂ ತಿಳಿಯುತ್ತದೆ.

1951ರ ಜುಲೈ 26ರಂದು, ಆರ್ತೆಮಿ ಆರ್ತ್ಸಿಖೋವ್‌ಸ್ಕಿ ನಡೆಸುತ್ತಿದ್ದ ಉತ್ಖನನದಲ್ಲಿ ನೀನಾ ಅಕುಲೋವಾ ಎಂಬ ಕೆಲಸಗಾರ್ತಿಗೆ ಭೂರ್ಜ ಮರದ ತೊಗಟೆಯ ಸುರುಳಿಯೊಂದು ಸಿಕ್ಕಿತು. ಅದರ ಮೇಲೆ ಗೀರಿದ ಅಕ್ಷರಗಳಿದ್ದವು. ಅಲ್ಲಿಂದ ಇಲ್ಲಿಯವರೆಗೆ ಆ ಒಂದೇ ಊರಿನಲ್ಲಿ 1100ಕ್ಕೂ ಹೆಚ್ಚು ಇಂಥ ಓಲೆಗಳು ಹೊರಬಂದಿವೆ. ನಮ್ಮ ತಾಳೆಗರಿಯಂತೆ ಇವೂ ಕಂಟದಿಂದ ಕೊರೆದವು, ಗೀರಿಗೆ ಮಸಿ ತುಂಬಿಲ್ಲ ಅಷ್ಟೆ. ಆದರೆ ಇವುಗಳಲ್ಲಿ ಶಾಸ್ತ್ರ, ಕಾವ್ಯ ಹುಡುಕಿದರೆ ನಿರಾಸೆಯೇ. ಇರುವುದು ಸಾಲ, ಬಡ್ಡಿ, ಜಗಳ, ಮದುವೆಯ ಮಾತು. 11ನೇ ಶತಮಾನದ ಕೊನೆಯ ಸುಮಾರಿಗೆ ಒಬ್ಬ ಹೆಣ್ಣುಮಗಳು, ನಿನಗೆ ಮೂರು ಬಾರಿ ಹೇಳಿಕಳಿಸಿದೆ, ಈ ವಾರ ಬರದೇ ಇರಲು ನನ್ನ ಮೇಲೆ ನಿನಗೇನು ಸಿಟ್ಟು ಎಂದು ಕೇಳುತ್ತಾಳೆ. 13ನೇ ಶತಮಾನದ ಓನ್ಫಿಮ್ ಎಂಬ ಪುಟ್ಟ ಹುಡುಗ ಅಕ್ಷರಮಾಲೆ ತಿದ್ದುತ್ತಾ ಬೇಸರವಾಗಿ ಒಂದು ಮೃಗದ ಚಿತ್ರ ಬರೆದಿದ್ದಾನೆ; ಪಕ್ಕದಲ್ಲಿ ‘ನಾನು ಮೃಗ’ ಎಂದೂ ಗೀಚಿದ್ದಾನೆ.

ಈ ಓಲೆಗಳ ಬರವಣಿಗೆ ವಿದ್ವಾಂಸರಿಗೆ ತಲೆನೋವಾಗಿತ್ತು. ಕಾಗುಣಿತ ಎಲ್ಲೆಂದರಲ್ಲಿ ಅಡ್ಡಾದಿಡ್ಡಿ. ಪಾಪ, ಓದುಬರಹ ಸರಿಯಾಗಿ ಬಾರದವರು ಎಂದು ಹಲವರು ಕೈತೊಳೆದುಕೊಂಡರು. 1980ರ ದಶಕದಲ್ಲಿ ಭಾಷಾವಿಜ್ಞಾನಿ ಆಂದ್ರೇ ಜಲಿಜ್ನ್ಯಾಕ್ ಅವನ್ನು ಕೂತು ಓದಿದಾಗ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಬೀಳುತ್ತಿರುವುದು ಕಂಡಿತು. ಅಜ್ಞಾನಿಯ ತಪ್ಪು ಹಾಗೆ ಸಾಲುಗಟ್ಟಿ ನಿಲ್ಲುವುದಿಲ್ಲ.

11ನೇ ಶತಮಾನದ 247ನೇ ಓಲೆಯನ್ನೇ ನೋಡಿ. ಅದರಲ್ಲಿ ಬೀಗ ಮತ್ತು ಬಾಗಿಲಿನ ಜೊತೆಗೆ ‘ಕೆಲೆ’ ಎಂಬ ಪದ ಬರುತ್ತದೆ. ಮೊದಲು ಓದಿದವರು ಅದನ್ನು ಸನ್ಯಾಸಿಯ ಕೋಣೆ ಎಂದುಕೊಂಡರು. ಜಲಿಜ್ನ್ಯಾಕ್ ಪ್ರಕಾರ ಅದು ‘ಇಡಿಯಾಗಿರುವ’ ಎಂಬುದಕ್ಕಿರುವ ಪದ: ಬೀಗವೂ ಮುರಿದಿಲ್ಲ, ಬಾಗಿಲೂ ಮುರಿದಿಲ್ಲ, ಅಂದರೆ ಕಳ್ಳತನದ ಆರೋಪವೇ ಸುಳ್ಳು. ಹೀಗೆ ಓದಿದ ಕೂಡಲೇ ಓಲೆ ನೆಟ್ಟಗಾಯಿತು. ಆದರೆ ಈ ಪದಕ್ಕೆ ರಷ್ಯನ್‌ನಲ್ಲಿ ‘ತ್ಸೆಲಿಯ್’, ಪೋಲಿಷ್‌ನಲ್ಲಿ ‘ತ್ಸಾವಿ’, ಜೆಕ್‌ನಲ್ಲಿ ‘ತ್ಸೆಲೀ’ ಎನ್ನುತ್ತಾರೆ. ಮೂಲದ ‘ಕ’ ಎಲ್ಲ ಕಡೆ ‘ತ್ಸ’ ಆಗಿದೆ. ಈ ಬದಲಾವಣೆ ಎಲ್ಲ ಸ್ಲಾವಿಕ್ ಭಾಷೆಗಳಿಗೂ ಸಾಮಾನ್ಯ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ನೊವ್ಗೊರೊದ್‌ನವರ ನಾಲಿಗೆಗೆ ಅದು ತಟ್ಟಿರಲೇ ಇಲ್ಲ.

ಕನ್ನಡಿಗರಿಗೆ ಇದು ತೀರ ಹೊಸದೇನಲ್ಲ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ನಮ್ಮ ಕೆರೆ ತೆಲುಗರಿಗೆ ಚೆರುವು. ಇ, ಎ ಸ್ವರಗಳನ್ನು ಉಲಿಯುವಾಗ ನಾಲಿಗೆ ಮುಂದಕ್ಕೆ ಸರಿಯುತ್ತದೆ, ಹಿಂದಿರುವ ‘ಕ’ವನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಎಳೆತಕ್ಕೆ ಬಗ್ಗದೆ ಕನ್ನಡ ಹಳೆಯ ‘ಕ’ವನ್ನು ಉಳಿಸಿಕೊಂಡಿತು. ಸ್ಲಾವಿಕ್ ಕುಟುಂಬದಲ್ಲಿ ಆ ಹಟ ಮಾಡಿದ್ದು ನೊವ್ಗೊರೊದ್ ಮತ್ತು ಅದರ ನೆರೆಯ ಪ್ಸ್ಕೊವ್.

ಇದರಿಂದ ಅಲುಗಾಡಿದ್ದು ಬರೀ ಒಂದು ಧ್ವನಿನಿಯಮವಲ್ಲ. ಕೀವ್ ನಗರ ರಾಜಧಾನಿಯಾಗಿದ್ದ ಮಧ್ಯಯುಗದ ರಾಜ್ಯದ ಕಾಲದಲ್ಲಿ ಪೂರ್ವ ಸ್ಲಾವರೆಲ್ಲ, ಅಂದರೆ ಈಗಿನ ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್ನರ ಪೂರ್ವಜರು, ಒಂದೇ ಭಾಷೆ ಆಡುತ್ತಿದ್ದರು, ಆಮೇಲೆ ಅದು ಕವಲೊಡೆಯಿತು ಎಂಬುದು ಒಪ್ಪಿತ ಕಥೆಯಾಗಿತ್ತು. ಓಲೆಗಳು ಉಲ್ಟಾ ಹೇಳುತ್ತವೆ: 11–12ನೇ ಶತಮಾನದಲ್ಲಿ ನೊವ್ಗೊರೊದ್ ಮತ್ತು ದಕ್ಷಿಣದ ನುಡಿಗಳ ನಡುವೆ ಅಂತರ ಹೆಚ್ಚಿತ್ತು, ನಂತರದ ಶತಮಾನಗಳಲ್ಲಿ ನೊವ್ಗೊರೊದ್ ಮತ್ತು ಮಾಸ್ಕೋ ಕಡೆಯ ನುಡಿಗಳು ಒಂದಕ್ಕೊಂದು ಹತ್ತಿರ ಬಂದು ಬೆರೆತವು. ಇಡೀ ಜನಾಂಗಕ್ಕೆ ಒಂದೇ ಬೇರು, ಒಂದೇ ಕಾಂಡ ಎಂದು ಚಿತ್ರ ಬರೆಯುವವರಿಗೆ ಇದು ಅಷ್ಟು ಹಿತವಾದ ಸಂಗತಿಯಲ್ಲ.

ಆ ಬೆರಕೆಯ ಗುರುತು ಈಗಿನ ರಷ್ಯನ್‌ನಲ್ಲೇ ಇದೆ ಎನ್ನುವುದು ಜಲಿಜ್ನ್ಯಾಕ್ ವಾದ. ‘ರುಕಾ’ ಎಂದರೆ ಕೈ. ‘ಕೈಯಲ್ಲಿ’ ಎನ್ನಲು ಉಕ್ರೇನಿಯನ್ನರು ಹಳೆಯ ನಿಯಮದಂತೆ ‘ವ್ ರುತ್ಸಿ’ ಎನ್ನುತ್ತಾರೆ. ಮಾಸ್ಕೋದವರು ನೊವ್ಗೊರೊದ್ ರೀತಿಯಲ್ಲಿ ‘ವ್ ರುಕೆ’ ಎನ್ನುತ್ತಾರೆ.