ಗಣಿ ಕಲಿತದ್ದು ಗಾರೆ ಕೆಲಸಕ್ಕೆ ಬರಲಿಲ್ಲ

ಕೋಲಾರದ ಕಡೆ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕುವ ದಿನವೆಂದರೆ ಅರ್ಧ ಹಬ್ಬ. ಬೆಳಗ್ಗೆ ಕಾಯಿ ಒಡೆದು, ಮಿಕ್ಸರ್‌ಗೆ ಅರಿಶಿನ ಕುಂಕುಮ ಇಟ್ಟು ಶುರು ಮಾಡಿದರೆ ಸಂಜೆಯವರೆಗೂ ಬಾಣಲೆಗಳು ಕೈಯಿಂದ ಕೈಗೆ ಓಡುತ್ತಲೇ ಇರುತ್ತವೆ. ಕೆಳಗೆ ಅಷ್ಟೂ ಭಾರ ಹೊತ್ತು ನಿಂತಿರುವುದು ನೀಲಗಿರಿ ಗಳಗಳು. ದುಡ್ಡಿದ್ದ ಕಡೆ ಕಬ್ಬಿಣದ ಜಾಕಿ. ಈ ತಾತ್ಕಾಲಿಕ ಆಸರೆಯನ್ನು, ಅಂದರೆ ಸೆಂಟ್ರಿಂಗನ್ನು, ಎಷ್ಟು ದಿನಕ್ಕೆ ಬಿಚ್ಚಬೇಕು ಎನ್ನುವುದಕ್ಕೆ ಐಎಸ್ 456 ಎಂಬ ಭಾರತೀಯ ಮಾನಕದಲ್ಲಿ ಲೆಕ್ಕ ಇದೆ. ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್‌ವರೆಗಿನ ಚಾವಣಿಯಾದರೆ ಆಸರೆ ಗಳಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲವಾದರೆ 14 ದಿನ. ಆರು ಮೀಟರ್ ದಾಟಿದ ತೊಲೆಗೆ 21 ದಿನ. ಇದೂ ಓಪಿಸಿ ಎನ್ನುವ ಸಾದಾ ಸಿಮೆಂಟಿನ ಲೆಕ್ಕ. ಈಗ ಮನೆ ಕಟ್ಟುವವರು ಹೆಚ್ಚಾಗಿ ತರುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ನಿಧಾನವಾಗಿ ಬಲ ಪಡೆಯುತ್ತದೆ, ಇನ್ನೂ ನಾಲ್ಕು ದಿನ ಹೆಚ್ಚಿಗೆ ಕಾಯುವುದೇ ಸರಿ.

ಆದರೆ ಗಳ, ಶೀಟು, ಜಾಕಿ ಎಲ್ಲವೂ ಬಾಡಿಗೆಯವು. ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸೈಟಿನವರು ಫೋನ್ ಮಾಡುತ್ತಿರುತ್ತಾರೆ. ಯಾವ ಚಾವಣಿಯನ್ನು ಎಷ್ಟು ದಿನಕ್ಕೆ ಬಿಚ್ಚಿದರು, ಬಿಚ್ಚುವಾಗ ಏನಾದರೂ ಜರುಗಿತೇ, ಬಿರುಕು ಕಂಡಿತೇ ಎಂಬುದು ಮೇಸ್ತ್ರಿಯ ತಲೆಯಲ್ಲಿ ಮಾತ್ರ ಉಳಿಯುತ್ತದೆ. ಅವರು ಕೆಲಸ ಬಿಟ್ಟರೆ ಆ ತಿಳಿವಳಿಕೆಯೂ ಅವರ ಜೊತೆಗೇ ಹೋಯಿತು.

ಇದೇ ಜಿಲ್ಲೆಯಲ್ಲಿ, ಒಂದು ಗಂಟೆ ದಾರಿಯಲ್ಲಿ, ಇದಕ್ಕೆ ತದ್ವಿರುದ್ಧವಾದ ಚರಿತ್ರೆಯೊಂದಿದೆ ಎಂಬುದನ್ನು ನಾವು ಮರೆತಿದ್ದೇವೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ಗೆ ಬಂದ ಮೇಲೆ ಶುರುವಾದ ಅಗೆತ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತದೆ. ಊರಿನವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ದೊಡ್ಡದಾದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಮರದ ಆಸರೆ ಈ ಹೊಡೆತಕ್ಕೆ ತಡೆಯುವುದಿಲ್ಲವೆಂದು ಗೊತ್ತಾದ ಮೇಲೆ ಅಗೆದ ಜಾಗಕ್ಕೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟುವ ಪದ್ಧತಿ ಬಂತು. ಪ್ರತಿ ಪಾಠಕ್ಕೂ ಜೀವಗಳು ಹೋಗಿವೆ, ಹಾಗಾಗಿ ಕೆಜಿಎಫ್ ಅನ್ನು ಹೊಗಳಿ ಬರೆಯಲು ನನಗೆ ಮನಸ್ಸಿಲ್ಲ. 1940ರಿಂದ 1946ರವರೆಗೆ ಅಲ್ಲಿನ 7,653 ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಆ ಕಾಯಿಲೆಗೆ ಇವತ್ತಿಗೂ ಮದ್ದಿಲ್ಲ. ಆದರೂ ಆ ಪರೀಕ್ಷೆ ನಡೆಯಿತು, ಲೆಕ್ಕ ಉಳಿಯಿತು. ಇವತ್ತು ಮಾಲೂರು ರಸ್ತೆಯ ಯಾವುದೋ ಸೈಟಿನಲ್ಲಿ ಮೂಗಿಗೆ ಟವಲ್ ಕಟ್ಟಿಕೊಂಡು ಗ್ರಾನೈಟ್ ಕತ್ತರಿಸುತ್ತಿರುವ ಹುಡುಗನ ಎದೆಯ ಲೆಕ್ಕ ಯಾರ ಹತ್ತಿರ ಇದೆ?

ಗಣಿಯಲ್ಲಿ ಈ ಲೆಕ್ಕ ಇಡುವ ಅಭ್ಯಾಸವನ್ನು ಕಾನೂನೇ ಬೆಳೆಸಿತು. 1952ರ ಗಣಿ ಕಾಯ್ದೆಯ ಒಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ: ಆಳುಗಳನ್ನೋ ಸರಕನ್ನೋ ಇಳಿಸುವ ಹಗ್ಗ, ಸರಪಳಿ ಕಿತ್ತರೆ, ಯಾರಿಗೂ ಏಟಾಗದಿದ್ದರೂ, ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ತಪ್ಪಿಹೋದ ಅನಾಹುತವನ್ನೂ ಬರೆದಿಡಬೇಕು ಎಂದರ್ಥ. ಒಂದು ಗಣಿಯಲ್ಲಿ ಆದದ್ದು ಧನ್‌ಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಸುತ್ತೋಲೆಯಾಗಿ ಉಳಿದ ಗಣಿಗಳಿಗೆ ತಲುಪುತ್ತಿತ್ತು. 1966ರ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಹೊಸ ಆಳು ತರಬೇತಿ ಇಲ್ಲದೆ ಕೆಲಸಕ್ಕೆ ಇಳಿಯುವಂತಿರಲಿಲ್ಲ. ಹಳಬರೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಕೂತು ಕಲಿಯಬೇಕಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಡೆಯ ಕುರಿತಾದ ವಿದ್ಯೆಗೆ ಮಾತ್ರ ಆಗಲೇ ಒಂದು ಮನೆ ಸಿಕ್ಕಿತ್ತು: 1988ರಲ್ಲಿ ಕೆಜಿಎಫ್‌ನಲ್ಲೇ ಆರಂಭವಾದ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ. ಗಣಿಯಿಂದ ಬಂದ ತಿಳಿವಳಿಕೆ ಅದರ ಮೂಲಕ ಜಲವಿದ್ಯುತ್ ಯೋಜನೆಗಳಿಗೆ, ಸುರಂಗಗಳಿಗೆ ಹೋಯಿತು. ಕಾರ್ಮಿಕರ ಕೈಯಲ್ಲಿದ್ದ ವಿದ್ಯೆಗೆ ಅಂಥ ಮನೆ ಸಿಗಲಿಲ್ಲ. ಹಗ್ಗ ನೋಡುವುದು, ಆಸರೆ ತಟ್ಟಿ ಸದ್ದು ಕೇಳುವುದು, ಪಾಳಿ ಬದಲಾಗುವಾಗ ಮುಂದಿನವನಿಗೆ ಅಪಾಯ ಎಲ್ಲಿದೆ ಎಂದು ಹೇಳಿ ಹೋಗುವುದು ಬಲ್ಲವರು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಸಿಕ್ಕಿದ ಕೆಲಸಕ್ಕೆ ಹೋದರು.

ಅದೇ ಹೊತ್ತಿನಲ್ಲಿ ಕಟ್ಟಡ ಕೆಲಸ ಕೋಲಾರದ ದೊಡ್ಡ ಕಸುಬಾಗತೊಡಗಿತ್ತು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಬಂದವು, ಬಂಗಾರಪೇಟೆ ಬೇತಮಂಗಲದ ಮೇಲೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂತು. ಈ ಕಸುಬಿಗೆ ಕಾನೂನು ಬಂದದ್ದೇ ತಡವಾಗಿ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರದ್ದು. ಕರ್ನಾಟಕದಲ್ಲಿ ಅದರ ನಿಯಮಗಳು ಬಂದದ್ದು 2006ರಲ್ಲಿ, ಕಲ್ಯಾಣ ಮಂಡಳಿ ಆದದ್ದು 2007ರಲ್ಲಿ. ಕಟ್ಟಡದ ವೆಚ್ಚದ ನೂರಕ್ಕೆ 1 ಭಾಗ ಸೆಸ್, ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ ಕಾರ್ಡ್, ಕಾರ್ಡಿದ್ದವರಿಗೆ ಮದುವೆ, ಓದು, ಹೆರಿಗೆ, ಸಾವಿನ ಸಹಾಯಧನ. ಇದು ಸಣ್ಣ ಸಾಧನೆಯಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಾಗ ಕೆಜಿಎಫ್ ಕಾರ್ಮಿಕರು ಮುಷ್ಕರ ಹೂಡಿದ್ದರು. ಈಗಿನ ಗಾರೆಯವರು ಲೇಬರ್ ಕಾರ್ಡಿಗಾಗಿ ತಾವೇ ದಿನದ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲುತ್ತಾರೆ. ಆದರೆ ಇಡೀ ವ್ಯವಸ್ಥೆಯ ಜೀವ ಕಾರ್ಡು ಮತ್ತು ಹಣದ ಸುತ್ತ ಸೇರಿಕೊಂಡಿತು. ಹಣವಾದರೂ ಖರ್ಚಾಯಿತೇ? 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕದಂತೆ ದೇಶದಲ್ಲಿ ಸಂಗ್ರಹವಾಗಿದ್ದ ಸುಮಾರು 37,400 ಕೋಟಿ ರೂಪಾಯಿಯಲ್ಲಿ ಬಳಕೆಯಾಗಿದ್ದು ಸುಮಾರು 9,500 ಕೋಟಿ.

ಸುರಕ್ಷತೆಯ ಅಧ್ಯಾಯ ಆ ಕಾಯ್ದೆಯಲ್ಲಿ ಇರಲಿಲ್ಲವೆಂದಲ್ಲ. 500 ಜನ ಕೆಲಸ ಮಾಡುವ ಕಡೆ ಸುರಕ್ಷತಾ ಸಮಿತಿ, ಸುರಕ್ಷತಾ ಅಧಿಕಾರಿ ಬೇಕೆಂದಿತ್ತು. ದೊಡ್ಡ ಕಂಪನಿಗಳ ಸೈಟಿನಲ್ಲಿ ಅದರ ಗುರುತು ಕಾಣುತ್ತದೆ: ಹೆಲ್ಮೆಟ್, ಬೆಲ್ಟು, ಬೆಳಗ್ಗೆ ಕೆಲಸ ಹಂಚುವ ಮೊದಲು ಹತ್ತು ನಿಮಿಷ ಅಪಾಯದ ಮಾತು. ಅದಕ್ಕೆ ಟಿಬಿಟಿ (ಟೂಲ್ ಬಾಕ್ಸ್ ಟಾಕ್) ಎನ್ನುತ್ತಾರೆ. ಒಳ್ಳೆಯ ಪದ್ಧತಿ, ಮಾತು ಕೇಳುವವರಿಗೆ ಅರ್ಥವಾದರೆ. ಮೇಸ್ತ್ರಿ ತೆಲುಗು ಕನ್ನಡದವರು, ಸೆಂಟ್ರಿಂಗಿನವರು ಬಿಹಾರ, ಒಡಿಶಾ, ಬಂಗಾಳದವರು, ಫಲಕ ಇಂಗ್ಲಿಷಿನದು. ಕಂಪನಿಯಿಂದ ಕಾಂಟ್ರಾಕ್ಟರಿಗೆ, ಅವರಿಂದ ಸಬ್ ಕಾಂಟ್ರಾಕ್ಟರಿಗೆ, ಅಲ್ಲಿಂದ ಚದರಡಿ ಲೆಕ್ಕದ ಮೇಸ್ತ್ರಿಗೆ ಕೆಲಸ ಇಳಿಯುತ್ತದೆ. ತರಬೇತಿಯ ಹೊಣೆ ಮೊದಲ ಮೆಟ್ಟಿಲಲ್ಲೇ ಉಳಿದುಬಿಡುತ್ತದೆ. ಇವತ್ತು ಕಲಿತ ತಂಡ ಬಟವಾಡೆಯ ಮರುದಿನ ಬೇರೆ ಊರಿನಲ್ಲಿರಬಹುದು. ತಾನು ಕಲಿಸಿದ್ದರ ಫಲ ಇನ್ನೊಬ್ಬರ ಸೈಟಿಗೆ ಹೋಗುತ್ತದೆಂಬ ಲೆಕ್ಕಾಚಾರದಲ್ಲಿ ಯಾರೂ ಕಲಿಸುವುದಿಲ್ಲ.

ಕಾನೂನಿನ ಕೊರತೆಯೊಂದೇ ಕಾರಣವೆಂದರೆ ತಪ್ಪಾಗುತ್ತದೆ. 2007ರವರೆಗೆ ಕೋಲಾರಕ್ಕೇ ಸೇರಿದ್ದ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಕಲ್ಲು ಕ್ವಾರಿಯ ಸ್ಫೋಟಕ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ನಮ್ಮ ಕಟ್ಟಡಗಳಿಗೆ ಜಲ್ಲಿ ಬರುವುದು ಕಲ್ಲು ಕ್ವಾರಿಗಳಿಂದ. ಕ್ವಾರಿಗಳಿಗೆ ಆಗ ಗಣಿ ಕಾಯ್ದೆ, ಸ್ಫೋಟಕ ಕಾಯ್ದೆ ಎರಡೂ ಇದ್ದವು. ಶಿವಮೊಗ್ಗದ ಹುಣಸೋಡಿನಲ್ಲಿ ಇಂಥದೇ ಸ್ಫೋಟವಾಗಿ ಆಗ ಒಂದು ತಿಂಗಳು ಕಳೆದಿತ್ತಷ್ಟೆ. ಒಂದು ಊರಿನ ಸಾವು ಇನ್ನೊಂದು ಊರಿನ ಕೈಗೆ ಎಚ್ಚರವಾಗಿ ತಲುಪಲಿಲ್ಲ.

ಮಣ್ಣಿನ ವಿಷಯವೂ ಹಾಗೆಯೇ. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ಕಡಿದ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೋಡಿದವರು ನಂಬಿಬಿಡುತ್ತಾರೆ. ಒಂದು ಮಳೆಗೆ, ಇಲ್ಲವೇ ಅಂಚಿಗೆ ಬಂದು ನಿಂತ ಟಿಪ್ಪರಿನ ಭಾರಕ್ಕೆ ಒಳಗಿನವರ ಮೇಲೆ ಕುಸಿಯುತ್ತದೆ. ಒಂದೂವರೆ ಮೀಟರಿಗಿಂತ ಆಳದ ಚರಂಡಿಗೆ ಪಕ್ಕದ ಆಸರೆ ಬೇಕೆಂದು ಮಾನಕ ಹೇಳುತ್ತದೆ. ಯುಜಿಡಿ (ಒಳಚರಂಡಿ) ಗುಂಡಿಗಳಲ್ಲಿ ಆ ಆಸರೆಯನ್ನು ಕಂಡವರು ಎಷ್ಟು ಮಂದಿ?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1996ರ ಕಾಯ್ದೆಯ ಜಾಗ ಹಿಡಿದಿವೆ. ಸುರಕ್ಷತಾ ಅಧಿಕಾರಿಯ ಮಿತಿ 500ರಿಂದ 250ಕ್ಕೆ ಇಳಿದದ್ದು ಒಳ್ಳೆಯದು. ಆದರೆ 10 ಜನರಿಗಿಂತ ಕಡಿಮೆ ಇರುವ ಕೆಲಸ ಈಗಲೂ ಹೊರಗೆ. ಸ್ವಂತ ಮನೆಗೆ ಹಿಂದೆ 10 ಲಕ್ಷ ರೂಪಾಯಿವರೆಗೆ ಇದ್ದ ವಿನಾಯಿತಿ 50 ಲಕ್ಷಕ್ಕೆ ಏರಿದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ನಿತ್ಯ ಮೋಲ್ಡ್ ಬೀಳುವ ಮನೆಗಳೆಲ್ಲ ಹೆಚ್ಚುಕಡಿಮೆ ಆ ಮಿತಿಯೊಳಗಿನವು.

ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ, ಬರುವುದು ಮೇಸ್ತ್ರಿ. ಕಲ್ಯಾಣ ಮಂಡಳಿಯಲ್ಲಿ ತರಬೇತಿಯ ಜೊತೆ ಕಸುಬಿನ ಸಾಮಾನು ಕೊಡುವ ಶ್ರಮ ಸಾಮರ್ಥ್ಯ ಎಂಬ ಯೋಜನೆಯಿದೆ. ಕರಣೆ, ತೂಗುಗುಂಡು, ರಸಮಟ್ಟದ ಜೊತೆಗೆ ಒಂದು ಪುಟ್ಟ ಪುಸ್ತಕವನ್ನೂ ಇಡಲಿ, ಕನ್ನಡ, ತೆಲುಗು, ಹಿಂದಿ ಮೂರರಲ್ಲೂ. ಸೆಂಟ್ರಿಂಗ್ ಕಟ್ಟಿದ ತಾರೀಖು, ಮೋಲ್ಡ್ ಹಾಕಿದ ತಾರೀಖು, ಬಿಚ್ಚಿದ ತಾರೀಖು, ಯಾವ ಸಿಮೆಂಟು, ಜರುಗಿದ ಗಳ ಯಾವ ಮೂಲೆಯದು, ಯಾಕೆ. ತಿಂಗಳಿಗೊಮ್ಮೆ ಕಾರ್ಮಿಕ ಇಲಾಖೆಯವರು ತಾಲ್ಲೂಕಿನ ಮೇಸ್ತ್ರಿಗಳನ್ನು ಕೂರಿಸಿ ಆ ಪುಟಗಳನ್ನು ಓದಿಸಲಿ, ಕೆಜಿಎಫ್‌ನಲ್ಲಿ ಕೆಲಸ ಮಾಡಿದ ಹಿರಿಯರನ್ನೂ ಕರೆಯಲಿ. ಅವರಿಗೀಗ ವಯಸ್ಸಾಗಿದೆ, ಬೇಗ ಕರೆಯಲಿ.